ಪಕ್ಕದ ಹೊಂಡಕ್ಕೆ ಅನುಮತಿ ಇದೆಯಂತೆ, ಬಿರಿಯುತ್ತಿರುವುದು ನಮ್ಮ ಗೋಡೆ

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮದು ನಲವತ್ತೈದು ವರ್ಷ ಹಳೆಯ ಹಂಚಿನ ಮನೆ. ತಾಯಿ ಒಬ್ಬರೇ ಇದ್ದಾರೆ, ನಾನು ಉದ್ಯೋಗದ ನಿಮಿತ್ತ ಪರವೂರಿನಲ್ಲಿದ್ದೇನೆ. ಪಕ್ಕದ ಜಾಗದಲ್ಲಿ ವಸತಿ ಸಮುಚ್ಚಯಕ್ಕೆಂದು ಮಾರ್ಚ್‌ನಿಂದ ಅಗೆಯುತ್ತಿದ್ದಾರೆ. ಹೊಂಡ ಈಗ ಇಪ್ಪತ್ತೆರಡು ಅಡಿಯಷ್ಟು ಆಳವಾಗಿದೆ. ನಮ್ಮ ಆವರಣ ಗೋಡೆಗೂ ಅದಕ್ಕೂ ನಾಲ್ಕೇ ಅಡಿ ಅಂತರ, ಅಲ್ಲಿಂದ ಮನೆಯ ಗೋಡೆಗೆ ಐದು ಅಡಿ. ತಡೆಗೋಡೆ ಇಲ್ಲ. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಿದ್ದಾರೆ, ಕಾರ್ಮಿಕರ ತಗಡಿನ ಶೆಡ್ ಕೂಡ ಅಲ್ಲೇ. ಮೇ ಮೊದಲ ವಾರದ ಮಳೆಯ ಬಳಿಕ ಆವರಣ ಗೋಡೆ ಬಿರುಕು ಬಿಟ್ಟಿದೆ. ಪಾಲಿಕೆಗೆ ಫೋನ್ ಮಾಡಿದರೆ ‘ಅವರಿಗೆ ಅನುಮತಿ ಇದೆ’ ಎಂದರು. ಗುತ್ತಿಗೆದಾರರು ‘ಗಟ್ಟಿ ಮುರಕಲ್ಲು, ಏನೂ ಆಗದು’ ಎನ್ನುತ್ತಾರೆ. ಯಾರಿಗೆ ದೂರು ಕೊಡಬೇಕು, ಹೇಗೆ ಕೊಡಬೇಕು?
– ಬಿಜೈಯ ಓದುಗರೊಬ್ಬರು

ಉತ್ತರ: ದೂರಿನ ಮಾತಿಗೆ ಮೊದಲು ಒಂದು ಕೆಲಸ ಆಗಬೇಕು. ನಿಮ್ಮ ತಾಯಿ ಹೊಂಡದ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದರೆ ಇಂದಿನ ರಾತ್ರಿಯಿಂದಲೇ ಹಾಸಿಗೆಯನ್ನು ಆಚೆ ಬದಿಯ ಕೋಣೆಗೆ ಹಾಕಿಸಿ. ಜೋರು ಮಳೆಯ ಮುನ್ಸೂಚನೆ ಇರುವ ರಾತ್ರಿ ಅವರು ಸಂಬಂಧಿಕರ ಮನೆಯಲ್ಲಿ ಉಳಿಯಲಿ. ಹೆದರಿಸಲೆಂದು ಇದನ್ನು ಹೇಳುತ್ತಿಲ್ಲ. 2024ರ ಜೂನ್ 26ರಂದು ಉಳ್ಳಾಲ ಸಮೀಪದ ಮದನಿನಗರದಲ್ಲಿ ನೆರೆಮನೆಯ ಆವರಣ ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಅಲ್ಲಿ ನಿಮ್ಮಲ್ಲಿರುವಂಥ ಆಳದ ಹೊಂಡವೂ ಇರಲಿಲ್ಲ. ಒಂದು ಗೋಡೆ, ಒಂದು ಮಳೆ ಸಾಕಾಯಿತು. ದೂರಿನ ಕಾಗದ ಮೇಜಿನಿಂದ ಮೇಜಿಗೆ ಹೋಗಲು ದಿನಗಳು ಬೇಕು, ಹಾಸಿಗೆ ಬದಲಿಸಲು ಹತ್ತು ನಿಮಿಷ ಸಾಕು.

ಇನ್ನು ‘ಗಟ್ಟಿ ಮುರಕಲ್ಲು’, ಎಂದರೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಎಂಬ ಮಾತು. ಈ ಊರಿನಲ್ಲಿ ಮೂವತ್ತು ವರ್ಷ ಅಡಿಪಾಯದ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನಮ್ಮ ಕರಾವಳಿಯಲ್ಲಿ ಹೊಂಡ ಜರಿಯುವುದಕ್ಕೆ ಈ ಮಾತಿನ ಮೇಲಿನ ಅತಿ ನಂಬಿಕೆಯೇ ಅರ್ಧ ಕಾರಣ. ಮೇಲಿನ ಪದರ ನಿಜವಾಗಿಯೂ ಗಟ್ಟಿ. ಅದರಿಂದಲೇ ಕಲ್ಲು ಕಡಿದು ನಮ್ಮ ಅಜ್ಜಂದಿರು ಮನೆ ಕಟ್ಟಿದರು. ಬೇಸಿಗೆಯಲ್ಲಿ ಅದನ್ನು ಲಂಬವಾಗಿ ಕಡಿದು ಬಿಟ್ಟರೆ ಗೋಡೆಯಂತೆ ನಿಲ್ಲುತ್ತದೆ. ಆದರೆ ಆ ಟೊಪ್ಪಿ ಎಷ್ಟು ದಪ್ಪ ಎಂಬುದು ಪ್ರತಿ ಗುಡ್ಡಕ್ಕೂ, ಕೆಲವೊಮ್ಮೆ ಒಂದೇ ಜಾಗದ ಎರಡು ಮೂಲೆಗಳಿಗೂ ಬೇರೆ. ಅದರ ಕೆಳಗೆ ಇರುವುದು ಶೇಡಿ ಮಣ್ಣು. ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಈ ಮಣ್ಣನ್ನು ಬಾವಿ ತೋಡಿಸಿದವರೆಲ್ಲ ನೋಡಿರುತ್ತಾರೆ. ಒಣಗಿದ್ದಾಗ ಹಾರೆಗೂ ಸುಲಭವಾಗಿ ಬಗ್ಗದು. ನೀರು ಕುಡಿದಾಗ ಬೆರಳ ನಡುವೆ ಉಜ್ಜಿದರೆ ಸಾಬೂನಿನಂತೆ ಜಾರುತ್ತದೆ. ಅದರಲ್ಲಿ ಅಂಟು ಕಡಿಮೆ, ಹಿಟ್ಟಿನಂಥ ನುಣುಪು ಹೆಚ್ಚು. ನೀರಿನೊಂದಿಗೆ ಕಣಕಣವಾಗಿ ಹರಿದುಹೋಗುವ ಗುಣ ಅದರದು.

ಹಾಗಾಗಿ ಜರಿಯುವ ಕ್ರಮವೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮಳೆ ನೀರು ಮುರಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿದು ಶೇಡಿಯ ಮೇಲೆ ಬಂದು ನಿಲ್ಲುತ್ತದೆ. ಹೊಂಡದ ಬದಿ ತೆರೆದಿರುವುದರಿಂದ ಅಲ್ಲಿ ಒರತೆಯಾಗಿ ಹೊರಬರುತ್ತದೆ. ಬರುವಾಗ ಶೇಡಿಯ ಕಣಗಳನ್ನು ಹೊತ್ತು ತರುತ್ತದೆ. ಬುಡ ಹೀಗೆ ಸವೆದು ಒಳಗೆ ಪೊಳ್ಳಾದಾಗ ಮೇಲಿನ ಗಟ್ಟಿ ಕಲ್ಲು ತನ್ನದೇ ಭಾರಕ್ಕೆ ಚಪ್ಪಡಿಯಂತೆ ಮುರಿದು ಬೀಳುತ್ತದೆ. ಒಂದು ಘನ ಮೀಟರ್ ಒದ್ದೆ ಮಣ್ಣು ಸುಮಾರು 1.8 ಟನ್ ತೂಗುತ್ತದೆ, ಎಂದರೆ ಒಂದು ಕಾರಿಗಿಂತ ಹೆಚ್ಚು. ಎದೆಯ ಮಟ್ಟಕ್ಕೆ ಹೂತವನಿಗೆ ಉಸಿರೆಳೆಯಲು ಆಗುವುದಿಲ್ಲ. 2024ರ ಜುಲೈ 3ರಂದು ಬಲ್ಮಠದಲ್ಲಿ ನಿರ್ಮಾಣ ಹಂತದ ಕಟ್ಟಡದ ಬಳಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಗಂಟೆಗಟ್ಟಲೆ ಹೋರಾಡಿ ಒಬ್ಬರನ್ನು ಜೀವಂತ ಹೊರತೆಗೆದರು, ಇನ್ನೊಬ್ಬರು ಉಳಿಯಲಿಲ್ಲ. ಮಳೆಗಾಲದಲ್ಲಿ ಮಾತ್ರ ಹೀಗಾಗುತ್ತದೆ ಎಂದೂ ಸಮಾಧಾನ ಪಡುವಂತಿಲ್ಲ. ಬಂಟ್ಸ್ ಹಾಸ್ಟೆಲ್ ಪರಿಸರದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸತ್ತದ್ದು 2020ರ ಫೆಬ್ರುವರಿಯಲ್ಲಿ, ಹನಿ ಮಳೆ ಇಲ್ಲದ ಕಾಲದಲ್ಲಿ.

ಈಗ ನಿಮ್ಮ ಅಳತೆಗಳಿಗೆ ಬರುತ್ತೇನೆ. ನೀವು ಅಡಿಗಳಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು. ಹೊಂಡದ ಅಂಚಿನಿಂದ ನಿಮ್ಮ ಮನೆಯ ಗೋಡೆಗೆ ಒಟ್ಟು ಒಂಬತ್ತು ಅಡಿ, ಹೊಂಡದ ಆಳ ಇಪ್ಪತ್ತೆರಡು ಅಡಿ. ಹೊಂಡ ಎಷ್ಟು ಆಳವೋ ಅಂಚಿನಿಂದ ಅಷ್ಟೇ ದೂರದವರೆಗಿನ ನೆಲಕ್ಕೆ ಅದರ ಪರಿಣಾಮ ತಟ್ಟಬಹುದು ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಳಸುವ ಸ್ಥೂಲ ಲೆಕ್ಕ. ಆ ಲೆಕ್ಕದಲ್ಲಿ ಹೊಂಡದ ಕಡೆಯಿಂದ ನಿಮ್ಮ ಮನೆಯ ಹದಿಮೂರು ಅಡಿ ಅಪಾಯದ ವಲಯದೊಳಗೇ ಇದೆ. ಅಗೆತದ ಸುರಕ್ಷತೆಗೆಂದೇ ಭಾರತೀಯ ಮಾನಕ ಐಎಸ್ 3764 ಇದೆ. ಒಂದೂವರೆ ಮೀಟರಿಗಿಂತ, ಎಂದರೆ ಸುಮಾರು ಐದು ಅಡಿಗಿಂತ ಆಳಕ್ಕೆ ಹೋದರೆ ಬದಿಗೆ ಆಧಾರ ಕೊಡಬೇಕು, ಇಲ್ಲವೇ ಇಳಿಜಾರಾಗಿ ಕಡಿಯಬೇಕು ಎನ್ನುತ್ತದೆ ಅದು. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಹೊಂಡದ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಇಡಬೇಕು ಎಂದೂ ಹೇಳುತ್ತದೆ. ನಿಮ್ಮಲ್ಲಿ ಅದು ಹನ್ನೊಂದು ಅಡಿ ಆಯಿತು. ಅಂಚಿನಲ್ಲೇ ಮಣ್ಣಿನ ರಾಶಿ, ಅದರ ಪಕ್ಕ ಶೆಡ್ಡು ಹಾಕುವುದು ತೂಗುಯ್ಯಾಲೆಯ ಕೊಂಡಿ ಸಡಿಲವಾದಾಗ ಇನ್ನಿಬ್ಬರನ್ನು ಕೂರಿಸಿದ ಹಾಗೆ.

‘ಅನುಮತಿ ಇದೆ’ ಎಂಬ ಉತ್ತರ ನಿಮ್ಮನ್ನು ಹಿಂದೆ ತಳ್ಳದಿರಲಿ. ಅದು ನೀವು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ಅನುಮತಿ ಎಂದರೆ ಆ ಜಾಗದಲ್ಲಿ ಇಷ್ಟು ಎತ್ತರದ, ಇಷ್ಟು ಅಂತರ ಬಿಟ್ಟ ಕಟ್ಟಡ ಕಟ್ಟಬಹುದು ಎಂಬ ಒಪ್ಪಿಗೆ. ಇಂದು ಆ ಹೊಂಡದ ಬದಿ ನಿಲ್ಲುತ್ತದೆಯೇ ಇಲ್ಲವೇ ಎಂಬುದು ಬೇರೆಯೇ ವಿಷಯ. ದೂರು ಕೊಡುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ಅಂತರ ಬಿಟ್ಟಿಲ್ಲ, ರಸ್ತೆ ಅಗಲ ಸಾಲದು, ಪಾರ್ಕಿಂಗ್ ತೋರಿಸಿಲ್ಲ, ರಾತ್ರಿ ಸದ್ದು, ಧೂಳು, ಅದರ ಜೊತೆಗೆ ಗೋಡೆ ಬಿರುಕು ಎಂದು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬುತ್ತಾರೆ. ಓದಿದ ಅಧಿಕಾರಿಗೆ ಅದು ನೆರೆಹೊರೆಯ ಜಗಳವಾಗಿ ಕಾಣುತ್ತದೆ, ಕಡತ ನಕ್ಷೆಯ ಪರಿಶೀಲನೆಗೆ ಹೋಗುತ್ತದೆ, ನಕ್ಷೆ ಸರಿಯಿದ್ದರೆ ಮುಗಿದೇಹೋಯಿತು. ನಿಮ್ಮ ಅರ್ಜಿಯಲ್ಲಿ ಒಂದೇ ಸಂಗತಿ ಇರಲಿ: ಇಂತಲ್ಲಿ ಮನುಷ್ಯರ ಜೀವಕ್ಕೆ ಅಪಾಯವಿದೆ. ಉಳಿದ ದೂರುಗಳಿಗೆ ಬೇರೆ ಅರ್ಜಿ, ಬೇರೆ ದಿನ.

ಇನ್ನೂ ಒಂದು ಎಚ್ಚರಿಕೆ ಇದೆ, ನನ್ನ ಮಟ್ಟಿಗೆ ಈ ಇಡೀ ಉತ್ತರದಲ್ಲಿ ಅದೇ ಮುಖ್ಯ. ದಯವಿಟ್ಟು ‘ಕೆಲಸ ನಿಲ್ಲಿಸಿ’ ಎಂದಷ್ಟೇ ಬರೆಯಬೇಡಿ. ನೀವು ಬರೆಯಬೇಕಾದದ್ದು ‘ಹೊಂಡವನ್ನು ಭದ್ರಪಡಿಸಿ’ ಎಂದು. ಎರಡಕ್ಕೂ ಆಕಾಶ ಭೂಮಿಯಷ್ಟು ವ್ಯತ್ಯಾಸವಿದೆ. ಮೇ ಕೊನೆಯಲ್ಲಿ ಪಾಲಿಕೆ ಕೆಲಸ ನಿಲ್ಲಿಸಲು ನೋಟಿಸ್ ಕೊಟ್ಟಿತೆನ್ನಿ. ಗುತ್ತಿಗೆದಾರ ಯಂತ್ರಗಳನ್ನು ತೆಗೆದುಕೊಂಡು ಹೋಗುತ್ತಾನೆ, ಪಂಪ್ ನಿಲ್ಲುತ್ತದೆ, ಕಾವಲುಗಾರನೂ ಇರುವುದಿಲ್ಲ. ತೆರೆದ ಇಪ್ಪತ್ತೆರಡು ಅಡಿಯ ಹೊಂಡದ ಮೇಲೆ ಜೂನ್, ಜುಲೈ ತಿಂಗಳ ಮಳೆ ಸುರಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲೇ. ಕಾನೂನಿನ ಪ್ರಕಾರ ನೀವು ಗೆದ್ದಿರುತ್ತೀರಿ, ಆಟಿ ತಿಂಗಳು, ಎಂದರೆ ಆಗಸ್ಟ್ ಮಧ್ಯ, ಮುಗಿಯುವುದರೊಳಗೆ ನಿಮ್ಮ ಆವರಣ ಗೋಡೆ ಹೊಂಡದೊಳಗಿರುತ್ತದೆ. ಅರ್ಧಕ್ಕೆ ಬಿಟ್ಟ ಹೊಂಡ ಕೆಲಸ ನಡೆಯುತ್ತಿರುವ ಹೊಂಡಕ್ಕಿಂತ ಅಪಾಯಕಾರಿ.

ಹಾಗಾದರೆ ಏನನ್ನು ಕೇಳಬೇಕು? ಹೊಸ ಅಗೆತ ತಕ್ಷಣ ನಿಲ್ಲಬೇಕು. ಅಂಚಿನ ಮಣ್ಣಿನ ರಾಶಿ ಮತ್ತು ಶೆಡ್ಡು ಇಪ್ಪತ್ನಾಲ್ಕು ಗಂಟೆಯೊಳಗೆ ಅಲ್ಲಿಂದ ಹೋಗಬೇಕು. ನಿಮ್ಮ ಕಡೆಯ ಬದಿಯ ಬುಡಕ್ಕೆ ಮಣ್ಣು ತುಂಬಿ ಮೆಟ್ಟಿಲಿನಂತೆ ಒತ್ತುಕೊಡಬೇಕು, ಇದು ಒಂದೆರಡು ದಿನದಲ್ಲಿ ಆಗುವ, ಹೆಚ್ಚು ಖರ್ಚಿಲ್ಲದ, ಎಲ್ಲಕ್ಕಿಂತ ಬೇಗ ಫಲ ಕೊಡುವ ಉಪಾಯ. ಮೇಲಿನ ಅಂಚಿನುದ್ದಕ್ಕೂ ಮಳೆನೀರನ್ನು ಬೇರೆಡೆಗೆ ಒಯ್ಯುವ ಚರಂಡಿ ಬೇಕು, ತೆರೆದ ಬದಿಗೆ ಟಾರ್ಪಾಲು ಹೊದಿಸಬೇಕು, ತಳದಲ್ಲಿ ಪಂಪ್ ಹಗಲು ರಾತ್ರಿ ಸಿದ್ಧವಿರಬೇಕು. ಶಾಶ್ವತ ಪರಿಹಾರ ತಡೆಗೋಡೆಯೋ, ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳ (ಪೈಲು) ಸಾಲೋ, ಮಣ್ಣಿಗೆ ಕಬ್ಬಿಣದ ಸರಳು ಹೊಡೆದು ಕಾಂಕ್ರೀಟ್ ಸಿಂಪಡಿಸುವುದೋ ಎಂಬುದನ್ನು ಮಣ್ಣು ಪರೀಕ್ಷೆ ಮಾಡಿದ ಎಂಜಿನಿಯರ್ ಬರೆದುಕೊಡಲಿ. ಅದನ್ನು ನೀವು ಹೇಳಬೇಕಾಗಿಲ್ಲ, ಬರೆದುಕೊಟ್ಟ ವರದಿಯ ಪ್ರತಿಯನ್ನು ಮಾತ್ರ ಬಿಡದೆ ಕೇಳಿ. ಹಿಂದಿನ ಮೇಸ್ತ್ರಿಗಳು ಪತ್ತನಾಜೆಯೊಳಗೆ, ಎಂದರೆ ಮೇ ಕೊನೆಯ ವಾರದೊಳಗೆ, ಅಡಿಪಾಯ ಮೇಲೆ ಬರಬೇಕು ಎನ್ನುತ್ತಿದ್ದರು. ಅವರ ಬಳಿ ಮಾನಕದ ಪುಸ್ತಕ ಇರಲಿಲ್ಲ, ಮಳೆಯ ಲೆಕ್ಕ ಇತ್ತು.

ಯಾರಿಗೆ ಬರೆಯಬೇಕು ಎಂಬುದು ನಿಮ್ಮ ಪ್ರಶ್ನೆ. ಮೊದಲನೆಯವರು ಲಾಲ್‌ಬಾಗ್‌ನಲ್ಲಿರುವ ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರು, ಪ್ರತಿ ನಗರ ಯೋಜನಾ ವಿಭಾಗಕ್ಕೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಮನುಷ್ಯರ ಜೀವಕ್ಕೆ ಅಪಾಯ ತರುವ ಕಾಮಗಾರಿಯನ್ನು ತಡೆಯುವ ಅಧಿಕಾರ ಆಯುಕ್ತರಿಗಿದೆ. ನಕ್ಷೆ ಮೀರಿದ ಕೆಲಸವಾದರೆ 321ನೇ ಕಲಂ ಇದೆ, ಆದರೆ ಅದು ನಿಮ್ಮ ಇಂದಿನ ವಿಷಯ ಅಲ್ಲ. ಎರಡನೆಯವರನ್ನು ಹೆಚ್ಚಿನವರು ಮರೆಯುತ್ತಾರೆ: ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಹೆಸರಿನಲ್ಲಿ ಕಟ್ಟಡದ ಸುಳಿವೇ ಇಲ್ಲದಿದ್ದರೂ ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಸುರಕ್ಷತೆಯ ತಪಾಸಣೆ ನೋಡಿಕೊಂಡು ಬಂದಿರುವ ಇಲಾಖೆ ಅದು. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ವೃತ್ತಿ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಯಾವ ಕಲಂ ಎಂದು ತಲೆ ಕೆಡಿಸಿಕೊಳ್ಳಬೇಡಿ, ಕಲಂ ಬರೆಯದ ದೂರು ಅಸಿಂಧುವಾಗುವುದಿಲ್ಲ. ಕಾರ್ಮಿಕರ ನೋಂದಣಿ, ಪರಿಹಾರ ಮುಂತಾದವು ಕಾರ್ಮಿಕ ಇಲಾಖೆಯ ಪಾಲು, ಅದರ ಸಹಾಯವಾಣಿ 155214.

ಮೂರನೆಯವರು ಪಡೀಲಿನ ಕಚೇರಿಯಲ್ಲಿರುವ ಜಿಲ್ಲಾಧಿಕಾರಿಗಳು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಪಾಲಿಕೆ, ಕಾರ್ಮಿಕ, ಪೊಲೀಸ್ ಎಂದು ಹಂಚಿಹೋಗಿರುವ ಹೊಣೆಯನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲವರೂ ಅವರೇ. ಹಾಗಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಇಂಥ ದೂರಿನ ಪ್ರತಿ ಅವರಿಗೆ ಹೋಗಲೇಬೇಕು. ನಾಲ್ಕನೆಯದು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆ. ಕಟ್ಟಡ ಕಟ್ಟುವಾಗ, ಕೆಡವುವಾಗ ಅದು ಬಿದ್ದು ಜೀವಹಾನಿ ಆಗದಂತೆ ಎಚ್ಚರ ವಹಿಸದಿರುವುದೇ ಒಂದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಂ. ಯಾರಾದರೂ ಸಾಯಲಿ ಎಂದು ಅದು ಕಾಯುವುದಿಲ್ಲ. ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎನ್ನಬಹುದು, ಆಗ ಈ ಕಲಂ ಅನ್ನು ಶಾಂತವಾಗಿ ನೆನಪಿಸಿ.

ವಿದ್ಯುತ್ ತಂತಿಗೆ ತಾಗುವಷ್ಟು ಹತ್ತಿರ ಕಬ್ಬಿಣದ ಸರಳು, ಸಾರುವೆ ಇದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ ಸಹಾಯವಾಣಿ 1912. ಕುಸಿತ ಆಗುತ್ತಿದ್ದರೆ, ಯಾರಾದರೂ ಸಿಲುಕಿದ್ದರೆ ಯಾವ ಅರ್ಜಿಯೂ ಬೇಡ, 112ಕ್ಕೆ ಕರೆ ಮಾಡಿ, ಜಿಲ್ಲಾ ನಿಯಂತ್ರಣ ಕೊಠಡಿ 1077. ಉಡುಪಿಯ ಓದುಗರಿಗೂ ಕ್ರಮ ಇದೇ, ಆಯುಕ್ತರು ಎಂದಿದ್ದಲ್ಲಿ ನಗರಸಭೆಯ ಪೌರಾಯುಕ್ತರು, ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

ಫೋನಿನಲ್ಲಿ ಹೇಳಿದ್ದನ್ನು ದೂರು ಎಂದು ಲೆಕ್ಕ ಹಾಕಬೇಡಿ. ಇದನ್ನು ನಾನು ತಡವಾಗಿ ಕಲಿತೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಗರದ ಒಂದು ಹೊಂಡಕ್ಕೆ ಇಳಿದಿದ್ದೆ. ನನ್ನ ಕೆಲಸ ಕಂಬಗಳ ಅಳತೆ ನೋಡುವುದಷ್ಟೇ ಆಗಿತ್ತು. ಮಧ್ಯಾಹ್ನದ ಊಟ ಮುಗಿದಿತ್ತು. ಗದಗದ ಕಡೆಯ ಹುಡುಗನೊಬ್ಬ ಬದಿಯ ಒರತೆಗೆ ಸ್ಟೀಲಿನ ತಟ್ಟೆ ಹಿಡಿದು ತೊಳೆಯುತ್ತಿದ್ದ. ಎರಡು ದಿನದ ಹಿಂದೆ ಅದೇ ಒರತೆಯಲ್ಲಿ ನೀರು ತಿಳಿಯಾಗಿತ್ತು. ಆ ದಿನ ತಟ್ಟೆಯಲ್ಲಿ ನಿಂತದ್ದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ತಟ್ಟೆ ಬಗ್ಗಿಸಿದಾಗ ತಳದಲ್ಲಿ ತೆಳ್ಳಗೆ ಹಿಟ್ಟಿನಂಥ ಪದರ ಉಳಿಯಿತು. ಒಳಗಿನಿಂದ ಶೇಡಿ ಹರಿದು ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಮೇಲೆ ಬಂದು ಮೇಲ್ವಿಚಾರಕರಿಗೆ ಹೇಳಿದೆ, ಆ ಬದಿಯಲ್ಲಿ ಯಾರನ್ನೂ ಇಳಿಸಬೇಡಿ, ಬುಡಕ್ಕೆ ಮಣ್ಣು ತುಂಬಿಸಿ ಎಂದೆ. ಅವರು ತಲೆಯಾಡಿಸಿದರು. ನಾನು ಸ್ಕೂಟರ್ ಹತ್ತಿ ಮನೆಗೆ ಹೋದೆ. ಒಂದು ಸಾಲು ಬರೆದು ಕೊಡಲಿಲ್ಲ, ಪಾಲಿಕೆಗೂ ತಿಳಿಸಲಿಲ್ಲ. ಮೂರನೆಯ ದಿನ ಬೆಳಗ್ಗೆ ಆ ಬದಿ ಜರಿಯಿತು. ಅದೇ ಹುಡುಗ ಸೊಂಟದವರೆಗೆ ಹೂತಿದ್ದ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ವಿಚಾರಣೆಯಲ್ಲಿ ಮೇಲ್ವಿಚಾರಕರು ‘ನಮಗೆ ಯಾರೂ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ’ ಎಂದರು. ಅದನ್ನು ಸುಳ್ಳೆಂದು ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಆ ತಟ್ಟೆ ಇಂದಿಗೂ ನನ್ನ ಕಣ್ಣ ಮುಂದಿದೆ.

ಹಾಗಾಗಿ ಬರೆಯಿರಿ, ಒಂದೇ ಪುಟ ಸಾಕು. ಭಾಷೆ ಹೀಗಿರಲಿ:

‘ವಿಷಯ: ಜೀವಾಪಾಯದ ಅಗೆತ – ತುರ್ತು ಸ್ಥಳ ತಪಾಸಣೆ ಹಾಗೂ ಭದ್ರಪಡಿಸುವಿಕೆ ಕೋರಿ. ಬಿಜೈಯ ಇಂಥ ರಸ್ತೆಯಲ್ಲಿ, ನಮ್ಮ ಮನೆ ಸಂಖ್ಯೆ ಇಷ್ಟರ ಪೂರ್ವಕ್ಕಿರುವ ನಿವೇಶನದಲ್ಲಿ ಸುಮಾರು 22 ಅಡಿ ಆಳದ ಹೊಂಡ ಅಗೆಯಲಾಗಿದೆ. ಬದಿಗೆ ಯಾವುದೇ ಆಧಾರ ಇಲ್ಲ. ಹೊಂಡದ ಅಂಚು ನಮ್ಮ ಆವರಣ ಗೋಡೆಯಿಂದ 4 ಅಡಿ, ಮನೆಯ ಗೋಡೆಯಿಂದ 9 ಅಡಿ ದೂರದಲ್ಲಿದೆ. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಲಾಗಿದೆ. ಅಂಚಿನ ಶೆಡ್‌ನಲ್ಲಿ ಇಷ್ಟು ಕಾರ್ಮಿಕರು ರಾತ್ರಿ ಮಲಗುತ್ತಾರೆ. ಇಂಥ ದಿನಾಂಕದ ಮಳೆಯ ನಂತರ ಆವರಣ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿದೆ, ಇಂಥ ದಿನಾಂಕಕ್ಕೆ ಅದರ ಅಗಲ ಇಷ್ಟು ಮಿಲಿಮೀಟರ್. ಮನೆಯಲ್ಲಿ ಹಿರಿಯ ಮಹಿಳೆಯೊಬ್ಬರು ವಾಸವಿದ್ದಾರೆ. ಮಳೆಗಾಲ ಆರಂಭಕ್ಕೆ ಮೊದಲು ಸ್ಥಳ ಪರಿಶೀಲಿಸಿ, ಹೊಂಡವನ್ನು ಭದ್ರಪಡಿಸಲು ಲಿಖಿತ ಆದೇಶ ನೀಡಬೇಕಾಗಿ ವಿನಂತಿ. ಫೋಟೋಗಳನ್ನು ದಿನಾಂಕ ಸಹಿತ ಲಗತ್ತಿಸಿದೆ.’

ಇಷ್ಟೇ. ಬೈಗುಳ ಬೇಡ, ಲಂಚದ ಆರೋಪ ಬೇಡ, ‘ಬಿಲ್ಡರ್ ಲಾಬಿ’ ಎಂಬ ಪದವಂತೂ ಬೇಡವೇ ಬೇಡ. ಅಳತೆ, ದಿನಾಂಕ, ಅಲ್ಲಿ ಮಲಗುವ ಜನರ ಸಂಖ್ಯೆ, ಈ ಮೂರನ್ನು ಓದಿದ ಮೇಲೆ ಕಡತವನ್ನು ಪಕ್ಕಕ್ಕೆ ಸರಿಸಲು ಯಾವ ಅಧಿಕಾರಿಗೂ ಧೈರ್ಯ ಬಾರದು, ನಾಳೆ ಏನಾದರೂ ಆದರೆ ಆ ಕಾಗದವೇ ತನ್ನ ವಿರುದ್ಧ ಸಾಕ್ಷಿಯಾಗುತ್ತದೆಂದು ಅವರಿಗೂ ಗೊತ್ತು. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ನೀವು ಪರವೂರಿನಲ್ಲಿರುವುದರಿಂದ ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಎರಡರಲ್ಲೂ ಕಳುಹಿಸಿ. ರಾಜ್ಯದ ಜನಸ್ಪಂದನ ವ್ಯವಸ್ಥೆಯಲ್ಲಿ, ಎಂದರೆ 1902 ಸಹಾಯವಾಣಿಯಲ್ಲಿ ದಾಖಲಿಸಿದರೆ ಒಂದು ದೂರು ಸಂಖ್ಯೆ ಸಿಗುತ್ತದೆ. ಆದರೆ ಅದು ಕಾಗದದ ಅರ್ಜಿಗೆ ಜೊತೆಯಾಗಿರಲಿ, ಅದರ ಬದಲಿಗೆ ಬೇಡ. ಒಂದು ಪ್ರತಿ ಕಟ್ಟಡದ ಮಾಲೀಕರಿಗೂ ಹೋಗಲಿ. ತಿಳಿದಿರಲಿಲ್ಲ ಎನ್ನುವ ದಾರಿ ಅದರಿಂದ ಮುಚ್ಚುತ್ತದೆ.

ಬಿರುಕಿನ ಅಗಲ ಹೇಗೆ ಅಳೆಯುವುದು? ಬಿರುಕಿಗೆ ಅಡ್ಡಲಾಗಿ, ಮೂರು ಬೆರಳಿನಷ್ಟು ಅಗಲಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗೆ ಬಳಿಸಿ. ಒಣಗಿದ ಮೇಲೆ ಪೆನ್ಸಿಲಿನಿಂದ ಅದರ ಮೇಲೆ ದಿನಾಂಕ ಬರೆಸಿ. ಗೋಡೆ ನಿಂತಲ್ಲೇ ಇದ್ದರೆ ಪಟ್ಟಿ ಹಾಗೇ ಇರುತ್ತದೆ, ಅಲುಗಾಡುತ್ತಿದ್ದರೆ ಅದರ ಮೇಲೆ ಕೂದಲೆಳೆಯ ಗೀರು ಬೀಳುತ್ತದೆ. ಬಿರುಕಿನ ಎರಡು ಬದಿಗೆ ಎರಡು ಮೊಳೆ ಹೊಡೆದು ನಡುವಿನ ಅಂತರವನ್ನು ವಾರಕ್ಕೆರಡು ಸಲ ಅಳೆಯಲೂಬಹುದು. ಪಕ್ಕದ ಮನೆಯ ಹೈಸ್ಕೂಲು ಮಕ್ಕಳಿಗೆ ಹೇಳಿಕೊಟ್ಟರೆ ಚೊಕ್ಕವಾಗಿ ಮಾಡಿಕೊಡುತ್ತಾರೆ. ಫೋಟೋದಲ್ಲಿ ಬಿರುಕಿನ ಪಕ್ಕ ಸ್ಕೇಲು ಇರಲಿ. ಜೊತೆಗೆ ಮನೆಯೊಳಗೆ ಕಿಟಕಿ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ನೆಲದ ಮೇಲೆ ಹೊಂಡಕ್ಕೆ ಸಮಾನಾಂತರವಾಗಿ ಸೀಳು ಕಾಣುವುದು, ಬಾವಿಯ ನೀರು ಒಮ್ಮೆಲೇ ಇಳಿಯುವುದು ಅಥವಾ ಕದಡುವುದು, ಇವನ್ನೂ ಬರೆದಿಡಿ. ಹೊಂಡದೊಳಗೆ ಇಳಿಯಬೇಡಿ, ಅಂಚಿಗೂ ಹೋಗಬೇಡಿ. ನಿಮ್ಮ ಜಗಲಿಯಿಂದ, ಬೇಕಾದರೆ ಎದುರಿನ ಕಟ್ಟಡದ ಮೇಲಿಂದ ತೆಗೆದ ಚಿತ್ರವೇ ಸಾಕು.

ನಿಮ್ಮ ಮನೆಯ ನೀರನ್ನೂ ಒಮ್ಮೆ ನೋಡಿ. ಹಂಚಿನ ಮಾಡಿನ ದಂಬೆಯ ನೀರು, ಬಚ್ಚಲಿನ ಇಂಗುಗುಂಡಿ ಆ ಆವರಣ ಗೋಡೆಯ ಬುಡದಲ್ಲೇ ಇದ್ದರೆ ಹೊಂಡದ ಬದಿಗೆ ನೀರು ಕುಡಿಸುತ್ತಿರುವವರಲ್ಲಿ ನೀವೂ ಒಬ್ಬರು. ಮಳೆ ಶುರುವಾಗುವ ಮೊದಲು ಪೈಪು ಹಾಕಿ ಎದುರಿನ ಚರಂಡಿಗೆ ತಿರುಗಿಸಿ. ಮುಂದೆ ‘ನಿಮ್ಮ ನೀರಿನಿಂದಲೇ ಕುಸಿಯಿತು’ ಎಂಬ ಮಾತು ಬಂದರೆ ಅದಕ್ಕೂ ಇದೇ ಉತ್ತರ.

ಒಂದು ವಾರದಲ್ಲಿ ಯಾರೂ ಬರದಿದ್ದರೆ? ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ ಹತ್ತು ರೂಪಾಯಿ. ಸಾಮಾನ್ಯವಾಗಿ ಉತ್ತರಕ್ಕೆ ಮೂವತ್ತು ದಿನದ ಗಡುವು. ಆದರೆ ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು ಎಂದು ಕಾಯ್ದೆಯ 7(1)ನೇ ಕಲಂ ಹೇಳುತ್ತದೆ. ಅರ್ಜಿಯ ತಲೆಬರಹದಲ್ಲೇ ಅದನ್ನು ಬರೆಯಿರಿ. ಕೇಳಬೇಕಾದದ್ದು ಮೂರೇ: ನನ್ನ ದೂರಿನ ಮೇಲೆ ಕೈಗೊಂಡ ಕ್ರಮ, ಸ್ಥಳ ತಪಾಸಣೆಯ ವರದಿ, ಮಣ್ಣು ಪರೀಕ್ಷೆ ಮತ್ತು ಹೊಂಡದ ಆಧಾರದ ವಿನ್ಯಾಸದ ಪ್ರತಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗೆ ಇರಬೇಕು.

ಅದಕ್ಕೂ ಜಗ್ಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ, ಎಂದರೆ ಉಪವಿಭಾಗಾಧಿಕಾರಿಗಳ ಬಳಿ ಹೋಗಬಹುದು. ಅಪಾಯದ ಹೊಂಡಕ್ಕೆ ಬೇಲಿ ಹಾಕಿಸುವ, ಅಪಾಯದ ಕಟ್ಟಡವನ್ನು ದುರಸ್ತಿ ಮಾಡಿಸುವ, ಆಧಾರ ಕೊಡಿಸುವ ಆದೇಶ ನೀಡುವ ಅಧಿಕಾರ ಅಲ್ಲಿದೆ. ಸಿವಿಲ್ ನ್ಯಾಯಾಲಯದಲ್ಲಿ ನಿಮ್ಮ ಕೈ ಇನ್ನೂ ಬಲವಾಗಿದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ ನಿಮ್ಮ ನೆಲಕ್ಕೆ ಪಕ್ಕದ ನೆಲ ಸಹಜವಾಗಿ ಕೊಡುತ್ತಿರುವ ಆಸರೆ ನಿಮ್ಮ ಹಕ್ಕು. ಆ ನೆಲದ ಮೇಲೆ ಕಟ್ಟಿದ ಮನೆಗೂ ಅದೇ ಆಸರೆ ಇಪ್ಪತ್ತು ವರ್ಷ ತಡೆಯಿಲ್ಲದೆ ದೊರೆತಿದ್ದರೆ ಆ ಹಕ್ಕು ಮನೆಗೂ ಬರುತ್ತದೆ. ನಿಮ್ಮದು ನಲವತ್ತೈದು ವರ್ಷದ ಮನೆ. ಹಳೆಯ ತೆರಿಗೆ ರಸೀದಿಗಳಿದ್ದರೆ ಹುಡುಕಿ ತೆಗೆದಿಡಿ, ಮನೆಯ ವಯಸ್ಸಿಗೆ ಅವೇ ಸಾಕ್ಷಿ. ತಡೆಯಾಜ್ಞೆ ಕೇಳುವಾಗಲೂ ವಕೀಲರಿಗೆ ಮೇಲಿನ ಮಾತನ್ನೇ ಹೇಳಿ: ಬರಿಯ ತಡೆ ಬೇಡ, ಭದ್ರಪಡಿಸುವ ನಿರ್ದೇಶನ ಬೇಕು.

ಕೊನೆಯದಾಗಿ ಆ ತಗಡಿನ ಶೆಡ್ಡಿನವರ ಬಗ್ಗೆ. ನಿಮ್ಮ ಪತ್ರದಲ್ಲಿ ಅವರನ್ನು ನೆನೆದದ್ದು ನೋಡಿ ನನಗೆ ಸಂತೋಷವಾಯಿತು. ಹೊಂಡ ಜರಿದರೆ ಮೊದಲು ಹೋಗುವವರು ಅವರು. ಬಿಹಾರದಿಂದಲೋ ಬಂಗಾಳದಿಂದಲೋ ಕೊಪ್ಪಳದಿಂದಲೋ ಬಂದವರಿಗೆ ಶೇಡಿ ಮಣ್ಣಿನ ಗುಣ ಗೊತ್ತಿರುವುದಿಲ್ಲ, ಅವರ ಊರಿನ ಮಣ್ಣು ಹೀಗೆ ಮಾಡುವುದಿಲ್ಲ. ದೂರು ಕೊಡಲು ಅವರಿಗೆ ಆಗದು, ಮರುದಿನದ ಕೂಲಿಯೇ ಹೋದೀತು. ನಿಮ್ಮ ತಾಯಿಗೆ ಅವರ ಮಕ್ಕಳ ಪರಿಚಯ ಇದ್ದೇ ಇರುತ್ತದೆ. ಮಳೆ ಬಂದ ರಾತ್ರಿ ಅಲ್ಲಿ ಮಲಗಬೇಡಿ, ಒರತೆಯ ನೀರು ಬೆಳ್ಳಗಾದರೆ ಕೂಡಲೇ ಮೇಲೆ ಬನ್ನಿ ಎಂದು ಅವರಿಗೆ ಅರ್ಥವಾಗುವಂತೆ ಹಿಂದಿ ಬಲ್ಲ ಯಾರಿಂದಾದರೂ ಇಂದೇ ಹೇಳಿಸಿ.

ಪ್ಲಾಸ್ಟರ್ ಪಟ್ಟಿಯನ್ನು ನಾಳೆ ಬೆಳಗ್ಗೆ ಹಾಕಿಸಿದರೆ ಭಾನುವಾರಕ್ಕೆ ಮೊದಲ ಉತ್ತರ ಸಿಗುತ್ತದೆ. ಗೀರು ಬಿದ್ದಿದ್ದರೆ ಅದರ ಫೋಟೋ ಸಹಿತ ಎರಡನೆಯ ಅರ್ಜಿಯನ್ನು ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಕೊಡಿ, ತಾಯಿಯನ್ನು ಆ ದಿನವೇ ಮನೆಯಿಂದ ಕರೆದೊಯ್ಯಿರಿ.